ಮೊಲದ ಬಾಣಂತನ

ಬೂದಿ ಬಣ್ಣದ ಮೊಲದ ಬಾಯಲ್ಲಿ ಅದರದೇ ಕೂದಲಿತ್ತು. ಮೂತಿಯ ಎರಡೂ ಕಡೆ ಮೀಸೆಯ ಹಾಗೆ ಚಾಚಿಕೊಂಡ ಒಂದು ಹಿಡಿ ಕೂದಲು. ಎದೆಯ ಕೆಳಗೆ, ಕಿತ್ತ ಜಾಗದಲ್ಲಿ, ಗುಲಾಬಿ ಬಣ್ಣದ ಚರ್ಮ ಕಾಣುತ್ತಿತ್ತು. ಅದು ಗೂಡಿನ ಮೂಲೆಗೆ ಹೋಗಿ ಬಾಯಲ್ಲಿದ್ದದ್ದನ್ನು ಒಣಹುಲ್ಲಿನ ಮೇಲಿಟ್ಟು, ಮೂತಿಯಿಂದ ಒತ್ತಿ ಸಮ ಮಾಡಿ, ಮತ್ತೆ ಎದೆಗೆ ಬಾಯಿ ಹಾಕಿತು. ಅದಕ್ಕೆ ನೋಯುತ್ತಿತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಅಮ್ಮ ನನ್ನ ಹಿಂದೆ ನಿಂತು ನೋಡಿದಳು. "ಇವತ್ತೋ ನಾಳೆಯೋ ಆಗುತ್ತೆ," ಎಂದಳು. ಅಲ್ಲಿಯವರೆಗೆ ಅದು ಬಸುರಿ ಹೌದೋ ಅಲ್ಲವೋ ಎಂಬುದೇ ನಮಗೆ ಖಚಿತವಿರಲಿಲ್ಲ.

ಮೊಲಗಳು ನಮ್ಮ ಮನೆಗೆ ಬಂದದ್ದು ಭದ್ರಾವತಿಯಿಂದ. ಚಿಕ್ಕಪ್ಪ ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಎರಡು ಸಾವಿರನೇ ಇಸವಿಯ ಆಚೀಚೆಯ ವರ್ಷಗಳು. ಸ್ವಯಂ ನಿವೃತ್ತಿ ತೆಗೆದುಕೊಂಡವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದರು. ಚಿಕ್ಕಪ್ಪನ ಸಾಲಿನಲ್ಲಿ ಎರಡು ಮೂರು ಮನೆಗಳಲ್ಲಷ್ಟೇ ಜನವಿದ್ದರು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ನಾನು ಹೋದಾಗ ಅವರು ಕೂರಲೂ ಬಿಡದೆ ಪಕ್ಕದ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಆ ಮನೆಯ ತಮಿಳರ ಸಂಸಾರ ಊರು ಬಿಟ್ಟು ಕೆಲವು ದಿನವಾಗಿತ್ತು. ಅವರು ಮೊಲ ಸಾಕಿದ್ದರು. ಬಲಿತದ್ದನ್ನೆಲ್ಲ ಮಾಂಸಕ್ಕೆ ಮಾರಿ, ಯಾರಿಗೂ ಬೇಡವಾದ ಸಣ್ಣವನ್ನು ಗೂಡಿನಲ್ಲೇ ಬಿಟ್ಟು ಹೋಗಿದ್ದರು.

ಗೂಡಿನಲ್ಲಿ ಮೂರಿದ್ದವು. ಗಂಡು ಸತ್ತಿತ್ತು. ಕಣ್ಣಿಗೆ ಇರುವೆ ಮುತ್ತಿತ್ತು. ಉಳಿದೆರಡು ಹೆಣ್ಣು, ಒಂದು ಬೂದಿ, ಒಂದು ಬಿಳಿ, ಸತ್ತದ್ದಕ್ಕೇ ಒರಗಿಕೊಂಡು ಕೂತಿದ್ದವು. ನೀರಿನ ತಟ್ಟೆಯ ತಳದಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು.

"ಗೋಡೆ ಎತ್ತರ ನೋಡು, ನಂಗೆ ಗೊತ್ತೇ ಆಗ್ಲಿಲ್ಲ. ವಾಸನೆ ಬಂದ್ಮೇಲೆ ಇಣುಕಿದ್ದು," ಎಂದರು ಚಿಕ್ಕಪ್ಪ. ಆಮೇಲೆ, "ನೀನು ಓದಿದ್ದು ಪ್ರಾಣಿಶಾಸ್ತ್ರ ತಾನೆ ಮಾರಾಯ್ತಿ? ತಗೊಂಡು ಹೋಗು ಇವನ್ನ."

"ನಾವು ಕಲಿತಿದ್ದು ಕೊಯ್ದು ನೋಡೋದನ್ನ ಚಿಕ್ಕಪ್ಪ."

"ಹಂಗಾದ್ರೆ ಇನ್ನೂ ವಾಸಿ. ಒಳಗೇನಿದೆ ಅಂತ ನಿಂಗೆ ಮೊದಲೇ ಗೊತ್ತಿರುತ್ತೆ."

ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು ಬಂದೆ. ಎರಡೂ ನನ್ನ ಬೆರಳು ನೆಕ್ಕಿದವು. ನೀರು ಮುಗಿದ ಮೇಲೂ, ಬೆರಳು ಒಣಗಿದ ಮೇಲೂ ನೆಕ್ಕುತ್ತಲೇ ಇದ್ದವು.

ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಅವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ತೂತಿಗೆ ಕಣ್ಣಿಟ್ಟು, "ಮೇಡಂ, ಒಳಗಿರೋರಿಗೆ ಹಾಫ್ ಟಿಕೆಟ್ಟಾ?" ಎಂದ. ಹಿಂದಿನ ಸೀಟಿನಿಂದ ಯಾರೋ, "ಮೊಲ ಅಲ್ವಾ? ಶಿವಮೊಗ್ಗ ಬರೋ ಹೊತ್ತಿಗೆ ಎರಡು ಹೋಗಿ ಹತ್ತಾಗಿರುತ್ತೆ, ಹತ್ತು ಟಿಕೆಟ್ ಈಗಲೇ ಹರಿದುಬಿಡಿ," ಎಂದರು. ಬಸ್ಸಿನವರೆಲ್ಲ ನಕ್ಕರು. ಸತ್ತ ಗಂಡು ಅಷ್ಟು ದಿನ ಇವುಗಳ ಜೊತೆಗೇ ಇತ್ತು ಎಂಬುದು ನನಗೆ ಹೊಳೆದದ್ದು ಆಗಲೇ.

ದುರ್ಗಿಗುಡಿಯ ನಮ್ಮ ಮನೆಯಲ್ಲಿ ಆಗ ಅಕ್ಕನ ಬಾಣಂತನ ನಡೆದಿತ್ತು. ಅಮ್ಮ ಡಬ್ಬ ನೋಡಿ ಬಾಗಿಲಲ್ಲೇ ತಡೆದಳು. "ಒಳಗೆ ಹಸಿ ಬಾಣಂತಿ ಇದಾಳೆ, ಹಸುಗೂಸು ಇದೆ. ಇವನ್ನೆಲ್ಲಿಂದ ಹಿಡ್ಕೊಂಡು ಬಂದ್ಯೇ?"

"ಹಿತ್ತಲಲ್ಲೇ ಇಟ್ಕೋತೀನಿ," ಎಂದೆ.

ಬಾಣಂತನದಲ್ಲಿ ಅಮ್ಮನಿಗೆ ಹೆಸರಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಅವಳನ್ನು ಕೇಳುತ್ತಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಹಂಡೆಗೆ ಉರಿ ಹಾಕುತ್ತಿದ್ದಳು. ಅಕ್ಕನಿಗೆ ಎಣ್ಣೆ, ಸುಡುವ ನೀರು, ಆಮೇಲೆ ಕೆಂಡಕ್ಕೆ ಸಾಂಬ್ರಾಣಿ. ಕಿವಿಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮಲಗಿಸುತ್ತಿದ್ದಳು. ಸೊಪ್ಪು ತಂಡಿ, ಕೊಡಬಾರದು. ಮೊಸರು ಕೊಡಬಾರದು. ನೀರು ಊಟದ ಜೊತೆ ಮಾತ್ರ, ಕಾಯಿಸಿ ಆರಿಸಿದ್ದು, ಒಂದು ಸಣ್ಣ ಲೋಟ. ಬಾಣಂತಿ ಕುಡಿದ ನೀರು ಮೈಯಲ್ಲೇ ನಿಂತು ಹೊಟ್ಟೆ ದಪ್ಪವಾಗುತ್ತದೆ, ಹಾಲಿನ ಮೂಲಕ ಕೂಸಿಗೆ ಶೀತ ಇಳಿಯುತ್ತದೆ ಎಂದು ಅವಳ ನಂಬಿಕೆ. ಅವಳ ಅತ್ತೆಯ ನಂಬಿಕೆ ಕೂಡ.

ಅಕ್ಕನ ತುಟಿ ಒಡೆದು ರಕ್ತ ಕಟ್ಟಿತ್ತು. ಹಾಲು ಕಡಿಮೆಯಾಗುತ್ತಿತ್ತು. ನಾನು ಒಳಗೆ ಹೋದಾಗಲೆಲ್ಲ, "ಒಂದು ಗುಟುಕು ಕೊಡೇ," ಎನ್ನುತ್ತಿದ್ದಳು.

"ಅಮ್ಮನ್ನ ಕೇಳ್ತೀನಿ."

ಅಮ್ಮನ ಉತ್ತರ ಅಡುಗೆಮನೆಯಿಂದಲೇ ಬರುತ್ತಿತ್ತು. "ನಿಮ್ಮಿಬ್ಬರನ್ನೂ ಹೆತ್ತಾಗ ನಂಗೂ ಹಿಂಗೇ ಮಾಡಿದ್ರು. ಸತ್ತೋದ್ನಾ?"

ಇತ್ತೀಚೆಗೆ ಅಕ್ಕ ಕೂಸು ಅತ್ತರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಎತ್ತಿಕೊಟ್ಟರೆ ಹಾಲು ಕುಡಿಸುತ್ತಿದ್ದಳು. ಎತ್ತಿಕೊಡದಿದ್ದರೆ ಕೇಳುತ್ತಿರಲಿಲ್ಲ. ಅಮ್ಮ ಅದನ್ನು ಸುಸ್ತು ಎಂದಳು. ನನಗೆ ಹಾಗೆ ಅನ್ನಿಸಲಿಲ್ಲ. ಆದರೆ ಮದುವೆಯಾಗದವಳು, ಅದರಲ್ಲೂ ತಂಗಿ, ಬಾಣಂತನದಲ್ಲಿ ಬಾಯಿ ಹಾಕುವುದು ನಮ್ಮ ಮನೆಯಲ್ಲಿ ಇರಲಿಲ್ಲ.

ಮಾರನೆಯ ದಿನ ಡಬ್ಬ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋದೆ. ಹೊರಗೆ ಕಟ್ಟಿದ್ದ ಎಮ್ಮೆಗಳನ್ನು ದಾಟಿ ಒಳಗೆ ಹೋದರೆ, ಡಾಕ್ಟರು ನಗುತ್ತಾ, "ಹಸು ಹಿಡಿದುಕೊಂಡು ಬಂದವರನ್ನ ನೋಡಿದೀನಿ, ಹಸುವನ್ನ ಡಬ್ಬದಲ್ಲಿ ತಂದವರು ನೀವೇ ಮೊದಲು," ಎಂದರು. ಮೊಲ ಎಂದ ಮೇಲೆ ನಗು ನಿಲ್ಲಿಸಿ ಕೈ ಒರೆಸಿಕೊಂಡರು. ಬೂದಿಯ ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದರು.

"ದ್ರಾಕ್ಷಿ ಥರ ಏನೋ ಸಿಗುತ್ತೆ. ಮರಿ ಇರಬಹುದು, ಹಿಕ್ಕೆ ಇರಬಹುದು. ಬಿಳೀದರದ್ದು ಏನೂ ಹೇಳೋಕಾಗಲ್ಲ. ಇವೇ ಇನ್ನೂ ಮಕ್ಕಳು ಕಣಮ್ಮ, ಮರಿ ಹಾಕೋ ವಯಸ್ಸಲ್ಲ."

ಎರಡನ್ನೂ ಬೇರೆ ಬೇರೆ ಇಡಿ ಎಂದರು. ಒಣಹುಲ್ಲು ಹಾಕಿ ಎಂದರು. ಕೈ ತೊಳೆಯುತ್ತಾ, ಬಸ್ಸಿನ ಹೊತ್ತು ಹೇಳುವ ಧಾಟಿಯಲ್ಲೇ, "ನೀರು ಮಾತ್ರ ತಪ್ಪಬಾರದು. ಬಾಯಾರಿದ್ರೆ ಹಾಕಿದ ಮರಿನ ತಾನೇ ತಿಂದುಬಿಡುತ್ತೆ," ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಸುರಿ ಇರಬಹುದಂತೆ, ನೀರು ತಪ್ಪಬಾರದಂತೆ. ಯಾಕೆ ತಪ್ಪಬಾರದು ಎಂಬುದನ್ನು ಹೇಳಲಿಲ್ಲ. ಬಾಣಂತಿಯಿರುವ ಮನೆಗೆ ಸಾವಿನ ಸುದ್ದಿ ತಂದವರನ್ನೂ ನಾವು ಅಂಗಳದಲ್ಲೇ ನಿಲ್ಲಿಸಿ ಕಳಿಸುತ್ತೇವೆ. ತಾಯಿ ಮರಿ ತಿನ್ನುವ ಮಾತನ್ನು, ಒಳಕೋಣೆಯ ಬಾಗಿಲಿಗೆ ಕೇಳಿಸುವ ಹಾಗೆ, ಯಾರೂ ಆಡುವುದಿಲ್ಲ.

ಬಸುರಿ ಎಂಬ ಮಾತು ಕೇಳಿ ಅಮ್ಮ ಬದಲಾದಳು. "ಅಯ್ಯೋ, ಮೊದಲೇ ಹೇಳಬಾರದಿತ್ತಾ?" ಎಂದು ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ ತಾನೇ ಜಾಗ ಮಾಡಿದಳು. ತಂತಿ ಜಾಲರಿಯ ಎರಡು ಗೂಡಿಗೆ ಹಳೆಯ ಗೋಣಿ ಮುಚ್ಚಿದಳು. ಮಾರ್ಕೆಟ್ಟಿನಿಂದ ಮೂಲಂಗಿ ಸೊಪ್ಪು ತರಿಸಿದಳು. ಹೋಗುತ್ತಾ ಬರುತ್ತಾ ಹಿತ್ತಾಳೆ ಬಟ್ಟಲಿಗೆ ನೀರು ತುಂಬಿದಳು. "ಬಸುರಿ ಬಾಯಾರಬಾರದು," ಎನ್ನುತ್ತಿದ್ದಳು. ಹೆಸರಿಡಲು ಮಾತ್ರ ಬಿಡಲಿಲ್ಲ. "ಮೊದಲು ಸುಸೂತ್ರ ಆಗಲಿ, ಆಮೇಲೆ ಕರೆಯುವಂತೆ."

ಒಳಗಿನಿಂದ ಅಕ್ಕ, "ನಂಗಿಂತ ಅದರ ಬಾಳೇ ವಾಸಿ. ಬಟ್ಟಲು ತುಂಬ ನೀರು," ಎಂದಳು. ಬಹಳ ದಿನಗಳ ಮೇಲೆ ಅವಳು ತಮಾಷೆ ಮಾಡಿದ್ದು.

"ಅದು ಬಸುರಿ. ನೀನು ಬಾಣಂತಿ," ಎಂದಳು ಅಮ್ಮ. "ಅದಕ್ಕೂ ಆಗಲಿ, ಆಮೇಲೆ ನಿನ್ನ ಪಕ್ಕದಲ್ಲೇ ಮಲಗಿಸ್ತೀನಿ."

ಮೂವರೂ ನಕ್ಕೆವು.

ಬೂದಿ ಮೊಲ ಕೂದಲು ಕಿತ್ತುಕೊಂಡ ಮರುದಿನ ಬೆಳಗಾಗುವಷ್ಟರಲ್ಲಿ ಮೂಲೆಯ ಆ ಕೂದಲ ರಾಶಿ ಅಲುಗುತ್ತಿತ್ತು. ಒಳಗೆ ಬೆರಳಿನಷ್ಟಷ್ಟೇ, ಮೈಮೇಲೆ ಕೂದಲಿಲ್ಲದ, ಕಣ್ಣು ತೆರೆಯದ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಎಷ್ಟಿವೆ ಎಂದು ನೋಡಲು ಬಾಗಿದೆ.

"ಎಣಿಸಬೇಡ್ವೇ, ಕಣ್ಣು ತಾಗುತ್ತೆ," ಎಂದಳು ಅಮ್ಮ. ಹಾಗಾಗಿ ಎಷ್ಟು ಹುಟ್ಟಿದ್ದವು ಎಂಬುದು ನನಗೆ ತಿಳಿಯದೇ ಹೋಯಿತು.

ಆ ದಿನ ಚಿಕ್ಕಪ್ಪನೂ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದರು, ಸಾಮಾನು ಲಾರಿಗೆ ಹತ್ತಿಸುವುದಿತ್ತು. ನಾನು ಬರುತ್ತೇನೆಂದು ಮಾತು ಕೊಟ್ಟಿದ್ದೆ. ಬಟ್ಟಲು ತುಂಬಿಸಿಟ್ಟು ಹೊರಟೆ. "ನೀರು ನೋಡ್ತಿರಮ್ಮ," ಎಂದದ್ದಕ್ಕೆ ಅಮ್ಮ ನಕ್ಕು, "ಹೋಗೇ ಮಾರಾಯ್ತಿ. ಬಾಣಂತನ ನಂಗೆ ನೀನು ಹೇಳಿಕೊಡ್ತೀಯಾ?" ಎಂದಳು.

ಭದ್ರಾವತಿಯಲ್ಲಿ ಇಡೀ ದಿನ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿದೆ. ಚಿಕ್ಕಪ್ಪನಿಗೆ ಮರಿಗಳ ಸುದ್ದಿ ಹೇಳಿದಾಗ, "ಈ ಸಾಲಲ್ಲಿ ಒಂದಾದ್ರೂ ಬದುಕ್ಕೊಂಡಿತಲ್ಲ," ಎಂದು ಬೀಗ ಹಾಕಿದ ಮನೆಗಳ ಕಡೆ ನೋಡಿದರು.

ಸಂಜೆ ಮನೆಗೆ ಬಂದು ನೇರ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಹಿತ್ತಾಳೆ ಬಟ್ಟಲು, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದದ್ದು, ಬೋರಲಾಗಿತ್ತು. ಪೂರ್ತಿ ಒಣಗಿತ್ತು. ಕೊಟ್ಟಿಗೆಯ ಬಾಯಿಗೆ ಗೋಣಿ ಕಟ್ಟಿತ್ತು. ಸರಿಸಿದರೆ ಸಾಂಬ್ರಾಣಿಯ ಹೊಗೆ. ಗೂಡಿನ ಪಕ್ಕದ ಅಗ್ಗಿಷ್ಟಿಕೆಯಲ್ಲಿ ಕೆಂಡ ಬೂದಿಯಾಗಿತ್ತು. ಸೊಪ್ಪು ತೆಗೆದಿದ್ದರು. ಅದರ ಬದಲು ಇಟ್ಟಿದ್ದ ಒಂದು ತುಂಡು ಒಣಕೊಬ್ಬರಿ, ಬೆಲ್ಲ ಹಾಗೇ ಇದ್ದವು.

ಮೊಲ ಜಾಲರಿಗೆ ಮೂತಿ ಒತ್ತಿ ಕೂತಿತ್ತು. ಬಾಯ ಸುತ್ತಲಿನ ಕೂದಲು ಅಂಟಿ, ಕಪ್ಪಾಗಿತ್ತು. ಮೂಲೆಯ ರಾಶಿ ಅಲುಗುತ್ತಿರಲಿಲ್ಲ. ಕೂದಲು ಬಿಡಿಸಿದೆ. ಬೆಂಕಿಕಡ್ಡಿಗಿಂತ ಗಿಡ್ಡದೊಂದು ಹಿಂಗಾಲು ಸಿಕ್ಕಿತು. ಇನ್ನೊಂದು ಕಡೆ, ಏನೂ ಆಗದ ಹಾಗೆ ಕಾಣುವ ಒಂದು ಮರಿ, ತಣ್ಣಗೆ. ಉಳಿದದ್ದನ್ನು ಬರೆಯುವುದಿಲ್ಲ.

ಬಟ್ಟಲಿಗೆ ನೀರು ತುಂಬಿ ಇಟ್ಟೆ. ತಲೆ ಎತ್ತದೆ ಕುಡಿಯಿತು. ಮತ್ತೆ ತುಂಬಿದೆ. ಮತ್ತೆ ಕುಡಿಯಿತು. ಪಕ್ಕದ ಗೂಡಿನಲ್ಲಿ ಬಿಳಿಯದರ ಬಟ್ಟಲು ಮುಕ್ಕಾಲು ತುಂಬಿಯೇ ಇತ್ತು. ಅದು ಇನ್ನೂ ಹೆತ್ತಿರಲಿಲ್ಲ.

ಅಮ್ಮ ಬಂದು ನೋಡಿದಳು. "ಬೆಕ್ಕು ಬಂದಿತ್ತಾ?"

"ಚಿಲಕ ಹಾಕಿದೆಯಲ್ಲ. ಬಟ್ಟಲು ಯಾರು ತೆಗೆದದ್ದು?"

"ನಾನೇ. ನೀನು ಹೋದ ಮೇಲೆ. ಹೆತ್ತಾಯ್ತಲ್ಲ," ಎಂದಳು, ಇದನ್ನು ಕೇಳುವುದೇನಿದೆ ಎಂಬಂತೆ.

ಆಗ ಡಾಕ್ಟರು ಹೇಳಿದ ಮಾತನ್ನು ಪೂರ್ತಿ ಹೇಳಿದೆ. ದನಿ ತಗ್ಗಿಸಲಿಲ್ಲ.

ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. "ಮಧ್ಯಾಹ್ನ ಜಾಲರಿ ನೆಕ್ತಾ ಇತ್ತು ಕಣೆ," ಎಂದಳು. "ಕೇಳ್ತಾ ಇದೆ ಅಂತ ಗೊತ್ತಾಯ್ತು. ನಿಮ್ಮಕ್ಕಂಗೆ ಹೇಳೋ ಹಂಗೇ ಹೇಳಿದೆ. ಸ್ವಲ್ಪ ತಡ್ಕೋ ತಾಯಿ, ನಿನ್ನ ಮಕ್ಕಳಿಗೇ ಒಳ್ಳೇದು ಅಂತ."

ಉಳಿದದ್ದನ್ನು ಅವಳೇ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ಕರಿಬೇವಿನ ಗಿಡದ ಬುಡದಲ್ಲಿ ಹೂತಳು. ನನ್ನನ್ನು ಮುಟ್ಟಲು ಬಿಡಲಿಲ್ಲ. ಸ್ನಾನ ಮಾಡಿ ಬಂದು ಅಡುಗೆ ಮಾಡಿದಳು. ಅಕ್ಕನಿಗೆ ಅನ್ನ, ಮೆಣಸಿನ ಸಾರು, ಒಂದು ಸಣ್ಣ ಲೋಟ ನೀರು. ಅಳತೆ ಎಂದಿನಷ್ಟೇ ಇತ್ತು. ಇಷ್ಟೆಲ್ಲ ಆದ ಮೇಲೂ ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ತಟ್ಟೆ ತೆಗೆಯಲು ಹೋದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಂಗೈ ಸುಡುತ್ತಿತ್ತು.

"ಎಲ್ಲ ಕೇಳಿಸ್ತು ನಂಗೆ," ಎಂದಳು. "ನೀನು ಹೇಳಿದ್ದೂ."

ನಾನು ತಟ್ಟೆ ಕೆಳಗಿಟ್ಟೆ.

"ನಂಗೆ ಆ ಮೊಲದ ಮೇಲೆ ಕೋಪ ಬರ್ತಿಲ್ಲ ಕಣೆ."

ಪಕ್ಕದಲ್ಲಿ ಕೂಸು ಮುಷ್ಟಿ ಹಿಡಿದು ಮಲಗಿತ್ತು. ಅವಳು ಅದರ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಹಂಡೆಗೆ ಉರಿ ಹಾಕುವ ಮೊದಲು ಎದ್ದೆ. ಎರಡು ಗೂಡುಗಳ ಬಟ್ಟಲೂ ತೊಳೆದು ನೀರು ತುಂಬಿದೆ. ಬಿಳಿ ಮೊಲದ ಎದೆ ನೋಡಿದೆ. ಕೂದಲು ಹಾಗೇ ಇತ್ತು. ಒಳಗೆ ಬಂದು ಅಡುಗೆಮನೆಯ ತಾಮ್ರದ ಚೊಂಬು ತೆಗೆದುಕೊಂಡು, ಕಾಯಿಸಿ ಆರಿಸಿದ್ದ ನೀರನ್ನು ಕಂಠದವರೆಗೆ ತುಂಬಿ, ಒಳಕೋಣೆಗೆ ಹೋಗಿ ಕಿಟಕಿ ತೆರೆದು ಅಕ್ಕನನ್ನು ಎಬ್ಬಿಸಿದೆ. ಅವಳು ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ಗದ್ದದಿಂದ ಇಳಿದ ನೀರು ಕಿವಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ನೆನೆಸಿತು. ಅಮ್ಮ ಕೆಂಡ ಹಿಡಿದುಕೊಂಡು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ನಾನು ಖಾಲಿ ಚೊಂಬು ತೆಗೆದುಕೊಂಡು, ಅವಳ ಪಕ್ಕದಿಂದಲೇ ಹಾದು ಅಡುಗೆಮನೆಗೆ ಹೋಗಿ, ಮತ್ತೆ ತುಂಬಿಸಿ ತಂದು ಅಕ್ಕನ ಕೈಗೆ ಎಟುಕುವಲ್ಲಿ ಇಟ್ಟೆ.