ಮಾಳಿಗೆಯ ಮೇಲೊಂದು ಪರಾತ

ಮೊನ್ನೆ ಕಾರಟಗಿಯ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಕೂತಿದ್ದೆ. ಹೋಟೆಲ್ಲಿನ ಟಿವಿಯಲ್ಲಿ ಒಂದು ನಕಾಶೆ ಬಂತು. ಸಮುದ್ರದಾಚೆ ಎಲ್ಲೋ ಬೆಂಕಿಬೆಟ್ಟ ಸಿಡಿದಿದೆಯಂತೆ, ಅದರ ಬೂದಿ ಗಾಳಿ ಹಿಡಿದು ನಮ್ಮ ದೇಶದ ಆಕಾಶಕ್ಕೂ ಬಂದಿದೆಯಂತೆ, ವಿಮಾನಗಳನ್ನು ತಡೆದಿದ್ದಾರಂತೆ. ನಕಾಶೆಯಲ್ಲಿ ಆ ಬೂದಿ ಕೆಂಪು ನಾಲಿಗೆಯ ಹಾಗೆ ಚಾಚಿಕೊಂಡಿತ್ತು. ಚಹಾದ ಲೋಟ ಕೆಳಗಿಟ್ಟೆ. ಅಂಥದೊಂದು ನಾಲಿಗೆಯನ್ನು ನಾನೇ ಒಮ್ಮೆ ನನ್ನ ಮನೆಯ ಕಡೆಗೆ ಡೊಂಕು ಮಾಡಿದ್ದೆ. ನಗಬೇಡಿ, ಹೇಳುತ್ತೇನೆ.

ನಾನು ಮೆಟ್ರಿಕ್‌ವರೆಗೆ ಓದಿದವನು. ಜ್ವಾಲಾಮುಖಿಯ ಚಿತ್ರ ಬಿಡಿಸು ಅಂದರೆ ಭತ್ತದ ರಾಶಿ ಬಿಡಿಸಿ ತುದಿಗೆ ಹೊಗೆ ಹಚ್ಚಿದ್ದೆ. ಹೊಟ್ಟೆಪಾಡಿಗೆ ಸಿಕ್ಕಿದ್ದೂ ಅದೇ: ಅಕ್ಕಿ ಗಿರಣಿಯ ಬಾಯ್ಲರ್, ಉರಿಯುವ ಭತ್ತದ ಹೊಟ್ಟು, ಹೊಗೆ. ಮನೆ ಗಿರಣಿಯ ಹಿಂದೆಯೇ. ಹೆಂಡತಿ ನಾಗವ್ವ ಬದುಕಿರುವ ತನಕ ಆ ಕರಿಬೂದಿಯ ಜೊತೆ ಜಗಳವಾಡಿದಳು. ಒಣಹಾಕಿದ ಸೀರೆ, ಹಪ್ಪಳ, ಕಡೆಗೆ ಮಜ್ಜಿಗೆಯಲ್ಲೂ ಅದೇ. "ನೋಡ್ರಿ, ನಿಮಗಿಂತ ಮೊದಲ ನಿಮ್ಮ ಗಿರಣಿ ಉಣ್ಣಾಕ ಬಂದೈತಿ," ಎನ್ನುವಳು. ಅವಳು ತೀರಿಕೊಂಡ ವರ್ಷವೇ ಗಿರಣಿಯವರು ಎತ್ತರದ ಹೊಸ ಚಿಮಣಿ ಕಟ್ಟಿಸಿದರು. ಆಮೇಲೆ ನನ್ನ ಮಾಳಿಗೆಗೆ ಒಂದು ಚೂರೂ ಬೀಳಲಿಲ್ಲ. ಮಕ್ಕಳಿಲ್ಲದ ಮನೆ. ಬೈಯುವವಳೂ ಇಲ್ಲ, ಬೈಯಲು ಕಾರಣವೂ ಇಲ್ಲ.

ಹಾಗಿರುವಾಗ ರುಖಿಯಾ ಬಂದಳು. ಗಂಗಾವತಿಯ ಹುಡುಗಿ, ಬೆಂಕಿಬೆಟ್ಟದ ಬೂದಿ ಗಾಳಿಯಲ್ಲಿ ಹೇಗೆ ಹರಡುತ್ತದೆಂದು ಓದುತ್ತಿದ್ದಳು. "ಬೆಂಕಿಬೆಟ್ಟ ನಾವು ಕರದಾಗ ಸಿಡಿಯೂದಿಲ್ಲ ಅಜ್ಜಾರ. ನಿಮ್ಮ ಗಿರಣಿ ದಿನಾ ಉಗುಳತೈತಿ. ಅದರ ಮ್ಯಾಲ ಕಲೀತೀನಿ," ಎಂದಳು. ಉಪಗ್ರಹದ ಚಿತ್ರದಲ್ಲಿ ಹೊಗೆ ಹೋದ ದಾರಿ ಕಾಣುತ್ತದೆ, ನೆಲಕ್ಕೆ ಬಿದ್ದದ್ದು ಕಾಣುವುದಿಲ್ಲ. ಅದಕ್ಕೆ ಊರ ಮಾಳಿಗೆಗಳ ಮೇಲೆ ಅಲ್ಲಲ್ಲಿ ಹಿಟ್ಟು ನಾದುವ ಅಗಲವಾದ ಪರಾತಗಳನ್ನು ಇಡಿಸಿ, ವಾರಕ್ಕೊಮ್ಮೆ ಬಿದ್ದ ಬೂದಿ ಗುಡಿಸಿ ಒಯ್ಯುವಳು. ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿದರೆ ನಾಳೆ ಬೂದಿ ಎತ್ತ ಹೋದೀತೆಂದು ಕಂಪ್ಯೂಟರ್ ಹೇಳುತ್ತದಂತೆ.

ಆ ಪರಾತಗಳ ಪಾಡು ಕೇಳಬೇಡಿ. ನಮ್ಮ ಹೆಣ್ಣುಮಕ್ಕಳು ಹೊಲಸು ಪಾತ್ರೆ ಬಯಲಲ್ಲಿ ಬಿಡುವವರೇ? ಬೂದಿ ಬಿದ್ದದ್ದು ಕಂಡರೆ ಅದೇ ಬೂದಿಯಿಂದ ತಿಕ್ಕಿ, ಫಳಫಳ ತೊಳೆದು, ಬೋರಲು ಹಾಕಿಬಿಡುತ್ತಿದ್ದರು. ರುಖಿಯಾ ಹಣೆ ಬಡಿದುಕೊಳ್ಳುವಳು. ತೊಳೆಯುವವರಿಲ್ಲದ ನನ್ನ ಮನೆಯೇ ಅವಳಿಗೆ ಭರವಸೆಯ ಜಾಗ.

ರವಿವಾರ ಬರುವಳು. ಚಹಾ ಕುಡಿಯುವಳು, ಗಾಳಿಯ ಸುದ್ದಿ ಹೇಳುವಳು. ಪರಾತ ಮಾತ್ರ ಖಾಲಿ. "ಖಾಲಿ ಪರಾತ ನೋಡಾಕ ಇಷ್ಟು ದೂರ ಬರಬೇಕಾತಲ್ರಿ," ಎಂದು ಒಂದು ದಿನ ನಕ್ಕಳು. ಚೇಷ್ಟೆಯ ಮಾತು. ನನಗೆ ಹೊಳೆದದ್ದು ಒಂದೇ: ಇವಳು ಇನ್ನು ಬರಲಾರಳು.

ಮರುವಾರ ಅವಳು ಬರುವ ಮೊದಲು ನೀರೊಲೆಯ ಬೂದಿ ತೆಗೆದು, ಜರಡಿ ಹಿಡಿದು, ಒಂದು ಚಮಚ ಪರಾತದಲ್ಲಿ ಉದುರಿಸಿದೆ. ವಿಭೂತಿ ಹಚ್ಚಿಕೊಳ್ಳುವ ಕೈಯಿಂದಲೇ. ಅದರ ಮುಂದಿನ ವಾರವೂ.

ಕೆಲವು ವಾರ ಕಳೆದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಹೊಗೆಯೆಲ್ಲ ಮೂಡಣಕ್ಕೆ ಹೋಗಿತ್ತು. ಒಂದು ನಾಲಿಗೆ ಮಾತ್ರ ಗಾಳಿಗೆ ಎದುರಾಗಿ ನನ್ನ ಮನೆಯ ಕಡೆ ಹೊರಳಿತ್ತು.

"ಉಪಗ್ರಹ ಸುಳ್ಳು ಹೇಳೂದಿಲ್ಲ. ನೀವೂ ಸುಳ್ಳು ಹೇಳೂದಿಲ್ಲ. ಮತ್ತ ಗಾಳೀನ ಸುಳ್ಳು ಹೇಳಾಕತ್ತೈತೇನ್ರಿ ಅಜ್ಜಾರ?"

"ಈ ಊರ ಗಾಳಿ ನಂಬಬ್ಯಾಡವ್ವಾ," ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಚಹಾ ಕುಡಿದಳು. ಗಿರಣಿಯ ಹಂಗಾಮು ಮುಗಿದಾಗ ಪರಾತವನ್ನು ನನಗೇ ಬಿಟ್ಟು ಹೋದಳು.

ಟಿವಿಯ ನಾಲಿಗೆ ಕಂಡ ಮೇಲೆ, ನನ್ನ ಚಮಚದ ಬೂದಿಯಿಂದ ಎಲ್ಲಿ ಯಾವ ವಿಮಾನ ದಾರಿ ತಪ್ಪೀತೋ ಎಂಬ ಹುಚ್ಚು ಭಯ. ಮನೆಗೆ ಬಂದವನೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆವಾಗ ಗೊತ್ತಾಗಿತ್ತಲ್ರಿ," ಎಂದಳು. "ಕಟ್ಟಿಗಿ ಬೂದಿ ಬ್ಯಾರೆ, ಹೊಟ್ಟಿನ ಬೂದಿ ಬ್ಯಾರೆ. ಸೂಕ್ಷ್ಮದರ್ಶಕದಾಗ ಇಟ್ರ ಕೂಸಿಗೂ ತಿಳೀತೈತಿ. ನಿಮ್ಮ ಪರಾತ ಲೆಕ್ಕಕ್ಕ ಹಿಡೀಲೇ ಇಲ್ಲ."

"ಮತ್ತ ಆ ನಾಲಿಗಿ ತೋರಿಸಿದೆಲ್ಲ?"

"ನಿಮ್ಮ ಬೂದಿ ಸೇರಿಸಿ ಅದೊಂದು ಬ್ಯಾರೆ ನಕಾಶೆ ಮಾಡಿದ್ದೆ, ನೀವಾಗೇ ಹೇಳಲಿ ಅಂತ. ಹೇಳಲಿಲ್ಲ ನೀವು."

"ಲೆಕ್ಕಕ್ಕಿಲ್ಲದ ಪರಾತಕ್ಕ ವಾರಾ ವಾರಾ ಯಾಕ ಬಂದಿ ಯವ್ವಾ?"

"ಚಹಾಕ್ಕ, ಅಜ್ಜಾರ. ಖರೇ ಹೇಳ್ತೀನಿ, ಸಿಟ್ಟೂ ಬಂದಿತ್ತು. ಆ ದಿಕ್ಕಿಗೆ ನಿಮ್ಮದೊಂದ ಪರಾತ ಇತ್ತು. ಏನೂ ಬೀಳಲಿಲ್ಲ ಅನ್ನೂದೂ ಒಂದು ಲೆಕ್ಕಾನ ಅಲ್ರಿ? ಅಷ್ಟು ಜಾಗ ನನ್ನ ನಕಾಶೆದಾಗ ಇನ್ನೂ ಏನೂ ಬರೀದ ಕೋರಾ ಉಳದೈತಿ."

ಫೋನ್ ಇಟ್ಟೆ. ಅಟ್ಟದ ಮೇಲಿಂದ ಪರಾತ ಇಳಿಸಿ, ತೊಳೆದು, ಒರೆಸಿ, ಮಾಳಿಗೆಯ ಮೇಲೆ ಮೊದಲಿನ ಜಾಗದಲ್ಲಿಯೇ ಇಟ್ಟೆ.

ಇವತ್ತು ರವಿವಾರ. ಬೆಳಿಗ್ಗೆ ಹತ್ತಿ ನೋಡಿದೆ. ಗಿರಣಿಯ ಹೊಗೆ ಮೂಡಣಕ್ಕೆ ಹೋಗುತ್ತಿತ್ತು. ಫೋನ್ ಹಚ್ಚಿದೆ.

"ಖಾಲಿ ಐತವ್ವಾ."

"ಬರಕೊಂಡೆ ಅಜ್ಜಾರ," ಎಂದಳು.