ಬಿಚ್ಚದೆ ಬಿಟ್ಟ ಕೆಂಪು ಚಿಂದಿ

ತಮಿಳರ ಆಡಿ ತಿಂಗಳ ಬುಧವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸೇಲಂನ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ, ಸೊಸೆ. ಮಗ್ಗ ನಿಂತಿತ್ತು.

ಸೀರೆಯ ಅಂಚಿಗೆ ಯಾವ ಎಳೆ ಏಳಬೇಕೆಂದು ಈಗ ಮಗ್ಗದ ಮೇಲಿನ ಪೆಟ್ಟಿಗೆಯೇ ಹೇಳುತ್ತದೆ. ಅದರೊಳಗೊಂದು ಪುಟ್ಟ ಕಂಪ್ಯೂಟರ್. ಅದರ ಕೆಲಸಗಳನ್ನೆಲ್ಲ ಹಂಚಿ ನಡೆಸುವ ತಳದ ಪ್ರೋಗ್ರಾಮಿಗೆ ಕರ್ನೆಲ್ ಎನ್ನುತ್ತಾರೆ. ಅಲ್ಲಿ ಗಡಿಯಾರ, ಎಂದರೆ ಯಂತ್ರದ ಮಿಡಿತ, ನೋಡಿಕೊಳ್ಳುವ ಭಾಗ ಬರೆದವಳು ಸೊಸೆ. ಓಮಲೂರಿನ ಅವಳ ಕಂಪನಿ ಅಂದು ಸಂಜೆಯವರೆಗೆ ಗಡುವು ಕೊಟ್ಟಿತ್ತು. ಪೆಟ್ಟಿಗೆ ಆಗಾಗ ನಿಲ್ಲುವುದು ಅಷ್ಟರಲ್ಲಿ ಸರಿಹೋಗದಿದ್ದರೆ ಅವಳ ಎರಡು ವರ್ಷದ ಕೆಲಸ ಮೂಲೆಗೆ. ಹೊರಗಿನಿಂದ ಬೇರೆ ಪೆಟ್ಟಿಗೆ ತರಿಸುತ್ತಾರೆ.

ಮಗ್ಗ ನಿಂತಾಗಲೆಲ್ಲ ಹೊತ್ತು, ಕಾರಣ ಬರೆದಿಡುವುದು ನನ್ನ ನಲವತ್ತು ವರ್ಷದ ರೂಢಿ. ನೋಟ್‌ಬುಕ್ ಅವಳ ಮುಂದಿಟ್ಟೆ. ಪೆಟ್ಟಿಗೆ ಬಂದ ಮೇಲೆ ಒಂಬತ್ತು ಸಲ ನಿಂತಿತ್ತು. ಒಂಬತ್ತಕ್ಕೂ ‘ಪೆಟ್ಟಿಗೆ ಕೆಟ್ಟಿದೆ’ ಎಂದೇ ಬರೆದಿದ್ದೆ. ಪ್ರತಿ ಸಲವೂ ಸ್ವಲ್ಪ ಮುಂಚೆ ಕರೆಂಟು ಕುಗ್ಗಿದ್ದನ್ನೂ ಗುರುತು ಹಾಕಿದ್ದೆ.

ಅವಳು ಓದಿ ಲ್ಯಾಪ್‌ಟಾಪಿನತ್ತ ತಿರುಗಿದಳು. ಹನ್ನೆರಡಕ್ಕೆ ಕೂಗು.

"ಮಾವಾ, ಸಿಕ್ತು! ಪ್ರೋಗ್ರಾಮಲ್ಲಿ ಗಡಿಯಾರದ ವೇಗ ಬದಲಾಯಿಸೋ ತುಂಡು ಒಬ್ಬ ಆಳಿದ್ದಂಗೆ. ಬೇರೆಯೋರು ಬರದಂಗೆ ಬೀಗ ಆಕ್ಕೊಂಡು ಒಳಗೋಗ್ತಾನೆ. ಕರೆಂಟು ಕಮ್ಮಿ ಇದ್ರೆ ‘ಮುಡಿಯಾದು, ಆಗಾಕಿಲ್ಲ’ ಅಂತ ಇಂದಕ್ಕೆ ಬಂದ್ಬಿಡ್ತಾನೆ. ಬೀಗ ಅಂಗೇ ಐತೆ. ಆಮೇಲೆ ಬಂದೋರೆಲ್ಲ ಬಾಗ್ಲಲ್ಲೇ ನಿಂತವ್ರೆ."

"ಬೇರೆಯೋರು ತೆಗೀಬಾರ್ದಾ?" ಎಂದೆ.

"ಊಹೂಂ. ಆಕಿದೋನೇ ತೆಗೀಬೇಕು. ಅದೇ ರೂಲ್ಸು. ತಪ್ಪು ನಂದೇ ಮಾವಾ."

ನಮ್ಮ ಮಗ್ಗದಲ್ಲೂ ಅದೇ ಕಟ್ಟಳೆ. ಹರಿದ ಎಳೆಗೆ ಗಂಟು ಹಾಕಲು ಒಳಗೆ ಕೈಯಿಡುವವರು ಲಾಳಿ ಎಳೆಯುವ ಹಗ್ಗಕ್ಕೆ ಕೆಂಪು ಚಿಂದಿ ಕಟ್ಟುತ್ತಾರೆ. ಕಟ್ಟಿದವರೇ ಬಿಚ್ಚಬೇಕು. ಅಲ್ಲಿಯವರೆಗೆ ನೇಯುವವರು ಹಗ್ಗ ಮುಟ್ಟುವಂತಿಲ್ಲ.

ಹೆಂಡತಿ ನಗತೊಡಗಿದಳು. "ಇವ್ರೂ ಒಂದಿನ ಚಿಂದಿ ಕಟ್ಟಿ, ಎಳೆ ಅರಿದೇ ಇಲ್ಲ ಅಂತ ಚಿಂದಿ ಬಿಚ್ಚದೇನೆ ಟೀ ಕುಡಿಯಾಕೆ ಓಗ್ಬಿಟ್ರು ಕಣಮ್ಮ. ನಾನು ಮದ್ಯಾನಗಂಟ ಕುಂತಿದ್ದೆ. ದೊಡ್ಡ ಟೈಮ್‌ಟೇಬಲ್ ಸಾಹೇಬ್ರು!"

"ಅದನ್ನ ನೋಟ್‌ಬುಕ್ಕಲ್ಲಿ ಬರೆದವ್ರಾ ಅತ್ತೆ?"

"ಎಲ್ಲಿ ಬರೀತಾರೆ!"

ನಾನು ಪೆಟ್ಟಿಗೆಯನ್ನೇ ನೋಡುತ್ತ ನಿಂತೆ. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುವ ಯಂತ್ರ. ಅದು ಕೆಟ್ಟಿರಲಿಲ್ಲ. ಉಗುರಿಗಿಂತ ಚಿಕ್ಕ ಜಾಗದಲ್ಲಿ, ಯಾರೂ ಕಾವಲಿಲ್ಲದೆ, ಬೀಗದ ಮುಂದೆ ಬಂದವರೆಲ್ಲ ಸಾಲು ಮುರಿಯದೆ ಕಾಯುತ್ತಿದ್ದರು, ಅಂದು ನನ್ನ ಹೆಂಡತಿ ಕಾದಂತೆ.

ಸೊಸೆ ಪ್ರೋಗ್ರಾಮಿಗೆ ಸೇರಿಸಿದ್ದು ಒಂದೇ ಸಾಲು: ಕೆಲಸವಾಗದೆ ಹಿಂದಿರುಗುವಾಗಲೂ ಬೀಗ ತೆಗೆ. ಪರೀಕ್ಷೆಗೆಂದು ಹೆಂಡತಿ ಇಪ್ಪತ್ತು ಸಲ ಗ್ರೈಂಡರ್ ಹಾಕಿ ನಿಲ್ಲಿಸಿದಳು. ಪ್ರತಿ ಸಲವೂ ದೀಪ ಮಂಕಾಯಿತು. ನಾನು ನೇಯುತ್ತಲೇ ಇದ್ದೆ, ಪೆಟ್ಟಿಗೆ ನಿಲ್ಲಲಿಲ್ಲ. ಸೊಸೆ ಅದನ್ನು ಕಂಪನಿಗೆ ತಿಳಿಸಿದಳು. ಐದಕ್ಕೆ ಅಲ್ಲಿಂದ ಫೋನು: ಸೊಸೆಯ ಪೆಟ್ಟಿಗೆಯೇ ಇರಲಿ.

ಐದೂಕಾಲಿಗೆ ನೋಟ್‌ಬುಕ್ ತೆರೆದು ಒಂಬತ್ತು ಕಡೆ ‘ಕೆಟ್ಟಿದೆ’ ಎಂಬುದನ್ನು ಹೊಡೆದು ‘ಕಾಯುತ್ತಿತ್ತು’ ಎಂದು ತಿದ್ದಿದೆ. ಕೆಳಗೆ, ಹೆಂಡತಿಯಿಂದ ಹೊತ್ತು ಕೇಳಿಕೊಂಡು, ಅವಳು ಕಾದ ದಿನವನ್ನೂ ಬರೆದೆ.