ಇಸ್ತಿಯಾಕ ಆರಿಸಿದ ಏಳು ಜೀವ

ನನ್ನ ಗಂಡ ಇಸ್ತಿಯಾಕನಿಗೆ ಐದು ಬಸವನಹುಳು ಆರಿಸಲು ಅರ್ಧ ತಾಸು ಬೇಕು. ಹದಿನೈದು ವರ್ಷ ಲಾರಿ ರಿಪೇರಿ ಮಾಡಿದ ಕೈ ಅದು. ಸೊಂಟ ಹಿಡಿದ ಮೇಲೆ ಆ ಕೆಲಸ ಬಿಟ್ಟು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ. ಮೀನು ಎಲ್ಲರೂ ಮಾರುತ್ತಾರೆ. ಆದರೆ ಉಪ್ಪುನೀರಿನ ಹವಳದ ಟ್ಯಾಂಕಿನಲ್ಲಿ ಪಾಚಿ ತಿಂದು ಗಾಜು ಸ್ವಚ್ಛ ಇಡುವ ಸಮುದ್ರದ ಬಸವನಹುಳು, ಖಾಲಿ ಶಂಖದೊಳಗೆ ಮನೆ ಮಾಡುವ ಸನ್ಯಾಸಿ ಏಡಿ ಬೇಕೆಂದರೆ ನಮ್ಮಲ್ಲಿಗೇ ಬರಬೇಕು.

ಇವನು ಒಂದೊಂದು ಹುಳುವನ್ನೂ ನೀರಿನಲ್ಲಿ ಅಂಗಾತ ಇಟ್ಟು ಕಾಯುತ್ತಾನೆ. ತಾನೇ ಮಗುಚಿಕೊಂಡರೆ ಗಿರಾಕಿಗೆ, ಇಲ್ಲದಿದ್ದರೆ ವಾಪಸು. ಪ್ರತಿ ಏಡಿಯ ಜೊತೆ ಎರಡು ಖಾಲಿ ಶಂಖ ಕೊಡುತ್ತಾನೆ, ಇಲ್ಲವೆಂದರೆ ಅದು ಚಿಪ್ಪಿನ ಆಸೆಗೆ ಹುಳುವನ್ನೇ ಕೊಲ್ಲುತ್ತದೆ. ಯಾರಾದರೂ ಇನ್ನೂ ಹತ್ತು ಕೇಳಿದರೆ, "ಸಣ್ಣ ಟ್ಯಾಂಕ್ ಐತ್ರಿ, ಪಾಚಿ ಸಾಲೂದಿಲ್ಲ, ಉಪವಾಸ ಸಾಯ್ತಾವು" ಎಂದು ಕೈಗೆ ಬಂದ ವ್ಯಾಪಾರ ಕೆಡಿಸಿಕೊಳ್ಳುತ್ತಾನೆ. ಕೊನೆಗೆ ಅವನ್ನು ಹಾಕಿದ ನೀರಿನ ಚೀಲದ ಬಾಯಿಗೆ ಹಸಿರು ದಾರ ಕಟ್ಟುತ್ತಾನೆ. ತಾಮ್ರದ ಉಂಗುರ ಹಾಕಿದವರು ನೀರಿಗೆ ಕೈ ಚಾಚಿದಾಗ ಮಾತ್ರ ಅವನ ದನಿ ಏರುತ್ತದೆ. "ಆ ಕೈ ಒಳಗ ಹಾಕಬ್ಯಾಡ್ರಿ." ತಾಮ್ರ ಮೀನಿಗೆ ಅಷ್ಟು ತಾಗುವುದಿಲ್ಲ, ಹುಳುವಿಗೂ ಏಡಿಗೂ ಅದು ವಿಷ.

ಇಂಥವನ ಮೇಲೆ ನವನಗರದ ಬಿಂದುಮಾಧವ ಬಾಯಿ ಮಾಡಿದ. ಒಯ್ದ ಐದು ಹುಳು, ಎರಡು ಏಡಿ ವಾರದೊಳಗೆ ಸತ್ತಿದ್ದವು. ನಾರುವ ಪೊಟ್ಟಣವನ್ನು ಗಿರಾಕಿಗಳ ಎದುರೇ ಕೌಂಟರ್ ಮೇಲೆ ಒಗೆದು, "ರೋಗದ ಮಾಲು ಮಾರ್ತೀಯೇನಲೇ?" ಎಂದ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದ ಮನುಷ್ಯ, ನನ್ನ ಗಂಡನಿಗೆ ಲೇ ಅಂದ. ಸಂಜೆ ಹುಬ್ಬಳ್ಳಿ-ಧಾರವಾಡದ ಅಕ್ವೇರಿಯಂ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಬರೆದ. ಮರುದಿನದಿಂದ ನಮ್ಮ ಸಮುದ್ರದ ತೊಟ್ಟಿಯ ಮುಂದೆ ಒಬ್ಬರೂ ನಿಲ್ಲಲಿಲ್ಲ.

ನನ್ನ ಮೈಯೆಲ್ಲ ಉರಿಯಿತು. ಇಸ್ತಿಯಾಕ ಮಾತ್ರ, "ನನ್ನ ಕಡಿಂದನ ಏನರ ತಪ್ಪಾಗಿರಬೇಕು" ಎಂದು ಮತ್ತೆ ಏಳು ಜೀವ ಆರಿಸಿದ. ತಾನೇ ಒಯ್ದು ಬಿಡುತ್ತೇನೆಂದು ಹೊರಟ. ಚೀಲ ಹಿಡಿದು ನಾನೂ ಹೋದೆ.

ಇಸ್ತಿಯಾಕ ಬಿಂದುಮಾಧವನ ಪಡಸಾಲೆಯಲ್ಲಿ ಟ್ಯಾಂಕಿನ ನೀರಿನ ಉಪ್ಪು ಅಳೆಯುತ್ತಿದ್ದ. ನಾನು ಕೈ ಒರೆಸಲು ಅರಿವೆ ಕೇಳಲು ಅಡುಗೆಮನೆಗೆ ಹೋಗಿ, ಚೀಲವನ್ನು ಕಟ್ಟೆಯ ಮೇಲಿಟ್ಟೆ. ಪಕ್ಕದಲ್ಲಿ ಫಳಫಳ ಬೆಳಗಿದ ತಾಮ್ರದ ಕೊಡವಿತ್ತು. ಬಿಂದುಮಾಧವನ ಹೆಂಡತಿ ಮಂದಾಕಿನಿ ಅದರಿಂದ ಜಗ್ಗಿಗೆ ನೀರು ಬಗ್ಗಿಸುತ್ತಿದ್ದರು.

"ಟ್ಯಾಂಕಿನಾಗ ನೀರು ಆರಿ ಕಡಿಮಿ ಆಗತೈತೆಲ್ರಿ, ಅದಕ್ಕ ಇದು. ಫಿಲ್ಟರ್ ನೀರು ಇಡೀ ರಾತ್ರಿ ತಾಮ್ರದಾಗ ಇಟ್ಟಿರತೇನ್ರಿ. ನಾವು ಕುಡಿಯೂದೂ ಇದನ್ನ, ಮೀನಕ್ಕೂ ಇದನ್ನ."

ಆ ಏಳು ಜೀವ ಯಾಕೆ ಸತ್ತವೆಂದು ತಿಳಿಯಿತು. ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾತು ಅವರ ಅಡುಗೆಮನೆಯಲ್ಲೇ ಉಳಿಯುತ್ತಿತ್ತು, ನನ್ನ ಗಂಡನ ಹೆಸರು ಊರಲ್ಲಿ ಹಾಗೇ ಕೆಟ್ಟಿರುತ್ತಿತ್ತು. ಬಿಂದುಮಾಧವ ಗುಂಪಿನಲ್ಲಿ ಇನ್ನೊಮ್ಮೆ ಬರೆಯಲಿ, ಎಲ್ಲರೂ ಓದಲಿ, ಆಮೇಲೆ ಹೊಡೆಯುತ್ತೇನೆ ಎಂದುಕೊಂಡೆ.

"ಛಲೋ ಮಾಡ್ತೀರಿ ಬಾಯಾರ, ಹಂಗ ಹಾಕ್ರಿ. ಕೊಡ ಎಷ್ಟ ಚಂದ ಬೆಳಗೀರಿ, ಒಂದ ಫೋಟೋ ತಗೋತೇನಿ."

ಆರನೆಯ ದಿನ, ಹೊಸ ಏಳೂ ಸತ್ತವೆಂದು ಬಿಂದುಮಾಧವ ಗುಂಪಿನಲ್ಲಿ ಬರೆದ. ಈ ಸಲ ಮೋಸಗಾರ ಎಂದೂ ಸೇರಿಸಿದ್ದ. ನಾನು ಫೋಟೋ ಹಾಕಿ ಕೆಳಗೆ ಬರೆದೆ: "ಸಾಹೇಬ್ರ, ತಾಮ್ರದ ನೀರು ಹಾಕಿ ಕೊಂದವರು ನೀವು. ಮೋಸಗಾರ ಯಾರು?" ಮುನ್ನೂರು ಮಂದಿ ನೋಡಿದರು. ಎಷ್ಟೋ ಜನ ನಕ್ಕರು. ಪಾಪ, ಮಂದಾಕಿನಿ ಬಾಯಿ ಏನು ಮಾಡಿದ್ದರು ಎಂದು ಆಗ ನನಗೆ ಅನ್ನಿಸಲೂ ಇಲ್ಲ.

ಮರುದಿನ ಬಿಂದುಮಾಧವ ಅಂಗಡಿಗೆ ಬಂದು ಕೈಮುಗಿದ. "ಇಸ್ತಿಯಾಕ ಅವರ, ತಪ್ಪಾತ್ರಿ. ನಮಗ ಗೊತ್ತಿರಲಿಲ್ಲ."

"ಲೇ" ಅಂದಿದ್ದ ಬಾಯಲ್ಲೇ "ಅವರ" ಅಂದ. ನನ್ನ ಹೊಟ್ಟೆ ತಣ್ಣಗಾಯಿತು. ಆ ಮುಖ ನೆನೆದರೆ ಇವತ್ತೂ ತಣ್ಣಗಾಗುತ್ತದೆ, ಸುಳ್ಳೇಕೆ ಹೇಳಲಿ.

ಅವನು ಹೋದ ಮೇಲೂ ಇಸ್ತಿಯಾಕ ಫೋನಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದ. ಊರೆಲ್ಲ ಕೊಡ ನೋಡಿತ್ತು. ಅವನು ಫೋಟೋದ ಮೂಲೆಯಲ್ಲಿದ್ದ ನಮ್ಮ ಚೀಲ ನೋಡಿದ್ದ.

"ಆರ್ಜೂ, ಇದರ ದಾರ ಇನ್ನೂ ಬಿಚ್ಚಿಲ್ಲ."

ನಾನು ಕೌಂಟರ್ ಒರೆಸತೊಡಗಿದೆ.

"ಇವನ್ನ ಟ್ಯಾಂಕಿಗೆ ಬಿಡೂಕಿಂತ ಮೊದಲ ನಿನಗ ಗೊತ್ತಿತ್ತು?"

"ನಿಮ್ಮ ಹೆಸರಿನ ಸಲುವಾಗಿ ಮಾಡಿದೆ."

"ಏಳೂ ಅಂಗಾತ ಇಟ್ಟರ ಎದ್ದಿದ್ದುವು" ಎಂದು ಎದ್ದು ತೊಟ್ಟಿಯ ಕಡೆ ಹೋದ. ಏಡಿಯನ್ನೂ ಎಲ್ಲಿ ಅಂಗಾತ ಇಡುತ್ತಾರೆ, ಲೆಕ್ಕ ತಪ್ಪಿ ಆಡಿದ ಮಾತು ಅದು. ತಿದ್ದುವ ಧೈರ್ಯ ನನಗಾಗಲಿಲ್ಲ. ಗಿರಾಕಿಗಳು ಆ ವಾರವೇ ತಿರುಗಿ ಬಂದರು. ಗದ್ದಲದಲ್ಲಿ ಸಹಾಯ ಮಾಡೋಣವೆಂದು ನಾನು ತೋಳು ಮಡಚಿ ಹುಳುವಿನ ತೊಟ್ಟಿಗೆ ಕೈ ಚಾಚಿದೆ. ಇಸ್ತಿಯಾಕ ತಿರುಗಿಯೂ ನೋಡಲಿಲ್ಲ.

"ಆ ಕೈ ಒಳಗ ಹಾಕಬ್ಯಾಡ" ಎಂದ.

ನನ್ನ ಬೆರಳಲ್ಲಿ ಉಂಗುರ ಇರಲಿಲ್ಲ.